ಸೀತಕ್ಕ ಮುಟ್ಟಿ ನೋಡಿದ ಕಾಲು

ಆಲೆಟ್ಟಿಯ ಸೀತಕ್ಕನಿಗೆ ಅರುವತ್ತನಾಲ್ಕು ವರ್ಷ ತುಂಬುವವರೆಗೆ ಯಾರ ಕಾಲಿನ ಬಗ್ಗೆಯೂ ಹೇಸಿಗೆ ಎಂಬುದು ಇರಲಿಲ್ಲ. ಕೆಸರು ಒಣಗಿ ಚಿಪ್ಪು ಕಟ್ಟಿದ ಕಾಲು, ಹಿಮ್ಮಡಿ ಒಡೆದು ರಕ್ತ ಜಿನುಗುವ ಕಾಲು, ಬೆರಳ ಸಂದು ಕೊಳೆತು ನಾರುವ ಕಾಲು, ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಎಣ್ಣೆ ಹಚ್ಚಿ ಉಳುಕು ತೆಗೆದವಳು ಅವಳು. ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ ಮಾತ್ರ. ಉಳುಕು ತೆಗೆಯುವುದನ್ನು ಕಲಿಸಿದ್ದು ಗಂಡನ ತಾಯಿ. ಆ ಅತ್ತೆಗೆ ಮಾತು ಕಡಿಮೆ. ಸೊಸೆಯ ಹೆಬ್ಬೆರಳನ್ನು ಹಿಡಿದು ನೋವಿದ್ದಲ್ಲಿಗೆ ಒಯ್ದು ಒತ್ತಿಸುತ್ತಿದ್ದಳು, ಅಷ್ಟೇ. ಹಾಗಾಗಿ ಸೀತಕ್ಕನಿಗೆ ಬಾಯಿಗಿಂತ ಕಿವಿ ಮತ್ತು ಬೆರಳು ಚುರುಕಾದವು. ಮರ್ಕಂಜದಿಂದ, ಸಂಪಾಜೆಯಿಂದ, ಒಮ್ಮೊಮ್ಮೆ ಪುತ್ತೂರಿನಿಂದಲೂ ಜನ ಕುಂಟುತ್ತಾ ಬಂದು ಅವಳ ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಬಿದ್ದದ್ದು ಹೇಗೆ ಎಂದು ಅವರು ಹೇಳುವ ಕತೆಯಲ್ಲಿ ಅರ್ಧ ಸುಳ್ಳಿರುತ್ತದೆ. ಆ ಸುಳ್ಳನ್ನೂ ಪೂರ್ತಿ ಕೇಳಿದ ಮೇಲೆಯೇ ಅವಳು ಕೈ ಇಡುತ್ತಿದ್ದದ್ದು.

ಈ ಕೆಲಸಕ್ಕೆ ಅತ್ತೆ ಹೇಳಿಕೊಟ್ಟ ಕಟ್ಟಳೆ ಒಂದಿತ್ತು. ಒಮ್ಮೆ ಕೈ ಇಟ್ಟರೆ ಒಂಬತ್ತು ದಿನ ಮುಗಿಯುವವರೆಗೆ ಬೇರೆ ಯಾರೂ ಆ ಕಾಲನ್ನು ಮುಟ್ಟಬಾರದು. ಡಾಕ್ಟರೂ ಮುಟ್ಟಬಾರದು. ನಡುವಿನಲ್ಲಿ ಬಿಟ್ಟರೆ ಉಳುಕು ಎಲುಬಿಗೆ ಇಳಿಯುತ್ತದೆ. ಒಂಬತ್ತು ದಿನದಲ್ಲಿ ವಾಸಿಯಾಗದಿದ್ದರೆ ಇನ್ನೊಂದು ಒಂಬತ್ತು. ನಲುವತ್ತು ವರ್ಷ ಈ ಕಟ್ಟಳೆಯಿಂದ ಯಾರಿಗೂ ಕೇಡಾಗಲಿಲ್ಲ. ಉಳುಕು ಎಂಬುದು ಸುಮ್ಮನೆ ಬಿಟ್ಟರೂ ಎರಡು ವಾರದಲ್ಲಿ ಹೋಗುವಂಥದ್ದು ಎಂದು ಅವಳಿಗೆ ಆಗ ತಿಳಿದಿರಲಿಲ್ಲ.

ಸೀತಕ್ಕನ ಮಗಳು ತೃಪ್ತಿಯನ್ನು ಕಡಬಕ್ಕೆ ಕೊಟ್ಟಿತ್ತು. ಅಳಿಯ ಶೈಲೇಶನಿಗೆ ಕಡಬ ಪೇಟೆಯಲ್ಲಿ ಟಯರಿನ ಅಂಗಡಿ. ಅವರ ಒಬ್ಬಳೇ ಮಗಳು ಸಮನ್ವಿತಾ, ಒಂಬತ್ತು ವರ್ಷದವಳು, ಏಪ್ರಿಲ್ ರಜೆಗೆ ಅಜ್ಜಿಯ ಮನೆಗೆ ಬಂದಿದ್ದಳು. ಬಂದ ಮೂರನೆಯ ದಿನ ಮೆಟ್ಟಿಲಿನಿಂದ ಹಾರಿ ಬಿದ್ದಳು. ಬಲಗಾಲು ನೋವು ಅಂದಳು. ಮೊಣಗಂಟಿನ ಮೇಲ್ಗಡೆ ಸ್ವಲ್ಪ ಬಾತಿತ್ತು. ಸೀತಕ್ಕ ಕೈ ಇಟ್ಟಳು.

ಉಳುಕಿದ ಬಾವು ಬೆರಳು ಒತ್ತಿದಲ್ಲಿ ತಗ್ಗುತ್ತದೆ. ಇದು ತಗ್ಗಲಿಲ್ಲ. ಬೆಚ್ಚಗಿತ್ತು, ಗಟ್ಟಿಯಾಗಿತ್ತು, ಮಾಂಸದಲ್ಲಿರುವ ಹಾಗಿರದೆ ಎಲುಬೇ ದಪ್ಪವಾದ ಹಾಗಿತ್ತು. ಬೆರಳಿಗೆ ಅದು ಗೊತ್ತಾಯಿತು. ಆದರೆ ಒಂಬತ್ತು ದಿನದ ಲೆಕ್ಕ ಶುರುವಾಗಿಬಿಟ್ಟಿತ್ತು. ಐದನೆಯ ದಿನವೋ ಆರನೆಯ ದಿನವೋ ಮಗು ಒಂದು ಮಾತು ಹೇಳಿತು: "ಅಜ್ಜಿ, ನಡೆಯುವಾಗ ಅಷ್ಟು ಇಲ್ಲ. ಸುಮ್ಮನೆ ಮಲಗಿದ್ರೆ ಜಾಸ್ತಿ ನೋವಾಗುದು."

ಊರಿನವರ ಸುಳ್ಳನ್ನೂ ಬಿಡದೆ ಕೇಳುತ್ತಿದ್ದ ಸೀತಕ್ಕ ಮೊಮ್ಮಗಳ ನಿಜವನ್ನು ಕೇಳಿಸಿಕೊಳ್ಳಲಿಲ್ಲ. ಒಂಬತ್ತು ದಿನ ಮುಗಿಯಿತು, ಬಾವು ದೊಡ್ಡದಾಯಿತು. ಇನ್ನೊಂದು ಒಂಬತ್ತು. ಮತ್ತೊಂದು ಒಂಬತ್ತು. ಇಪ್ಪತ್ತೇಳು ದಿನ ಆ ಗಡ್ಡೆಯನ್ನು ತನ್ನ ಎರಡು ಕೈಯಲ್ಲಿ, ಬಿಸಿ ಎಣ್ಣೆ ಹಾಕಿ, ಬಲವಾಗಿ ತಿಕ್ಕಿದಳು. ಮಗು ಹಲ್ಲು ಕಚ್ಚಿ ಕೂತಿರುತ್ತಿತ್ತು.

ಶಾಲೆ ಶುರುವಾಗುವ ಹೊತ್ತಿಗೆ ತೃಪ್ತಿ ಬಂದು ಮಗಳಿಗೆ ಸ್ನಾನ ಮಾಡಿಸುವಾಗ ಕಾಲು ನೋಡಿ ಗಾಬರಿಯಾದಳು. ನೂಲು ಸುತ್ತಿ ಎರಡೂ ಕಾಲು ಅಳೆದಳು. ಬಲಗಾಲು ನಾಲ್ಕು ಬೆರಳು ದಪ್ಪ. ಅಂದೇ ಪುತ್ತೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದರು. ಅಲ್ಲಿಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಯಾರು ತಿಕ್ಕಿದ್ದು ಎಂದು ಮಾತ್ರ ಕೇಳಿದರು. ಇನ್ನು ಈ ಕಾಲನ್ನು ಯಾರೂ ಮುಟ್ಟಬೇಡಿ, ನಾಳೆಯೇ ಮಂಗಳೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಮಂಗಳೂರಿನಲ್ಲಿ ಎಲುಬಿನ ಕ್ಯಾನ್ಸರ್ ನೋಡುವ ಡಾಕ್ಟರು ಗೌರೀಶಂಕರ. ಮೊದಲು ಸ್ಕ್ಯಾನ್ ಮಾಡಿಸಿದರು, ಆಮೇಲೆ ದಪ್ಪ ಸೂಜಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಶೈಲೇಶನ ತಾಯಿ ಮನೋರಮಾ ಅದಕ್ಕೂ ತಕರಾರು ತೆಗೆದಳು. ಕ್ಯಾನ್ಸರಿಗೆ ಸೂಜಿ ತಾಗಿಸಿದರೆ ಮೈಯೆಲ್ಲ ಹರಡುತ್ತದಂತೆ, ಅವಳ ತವರಿನಲ್ಲಿ ಯಾರಿಗೋ ಹಾಗೆಯೇ ಆಗಿತ್ತಂತೆ. ಡಾಕ್ಟರು ಸಿಟ್ಟಾಗದೆ ಹೇಳಿದರು: ಸೂಜಿಯಿಂದ ಹರಡುವುದಿಲ್ಲ, ಆದರೆ ಎಲ್ಲಿ ಚುಚ್ಚಬೇಕು ಎಂದು ತಿಳಿದವರೇ ಚುಚ್ಚಬೇಕು, ಆಪರೇಶನ್ ಮಾಡುವಾಗ ಸೂಜಿ ಹೋದ ದಾರಿಯನ್ನೂ ಸೇರಿಸಿ ತೆಗೆಯುತ್ತೇವೆ.

ಹತ್ತು ದಿನದ ಮೇಲೆ ಉತ್ತರ ಬಂತು. ಆಸ್ಟಿಯೋಸಾರ್ಕೋಮ. ಆ ಹೆಸರು ಸೀತಕ್ಕನ ನಾಲಗೆಗೆ ಕೊನೆಯವರೆಗೂ ಬರಲಿಲ್ಲ, ಆದರೆ ಮೂಲೆಯ ಕುರ್ಚಿಯಲ್ಲಿ ಕುಳಿತು ಡಾಕ್ಟರು ಹೇಳಿದ್ದನ್ನೆಲ್ಲ ಕಿವಿಯಲ್ಲಿ ಇಟ್ಟುಕೊಂಡಳು. ಬೆಳೆಯುವ ಮಕ್ಕಳಲ್ಲಿ ಎಲುಬಿನ ತುದಿ ಬೇಗ ಬೇಗ ಬೆಳೆಯುತ್ತದೆ. ಅಲ್ಲಿ ಎಲುಬು ಕಟ್ಟುವ ಕಣಗಳು ಎಲ್ಲೋ ಕೆಟ್ಟು, ನಿಲ್ಲಿಸಲು ತಿಳಿಯದೆ, ಹದವಿಲ್ಲದ ಎಲುಬನ್ನು ಕಟ್ಟುತ್ತಲೇ ಹೋಗುತ್ತವೆ. ಲಕ್ಷಗಟ್ಟಲೆ ಮಕ್ಕಳಲ್ಲಿ ಒಬ್ಬರಿಬ್ಬರಿಗೆ ಬರುವಂಥದ್ದು. ಬಿದ್ದದ್ದರಿಂದ ಬರುವುದಲ್ಲ, ಬಿದ್ದಾಗ ಕಣ್ಣಿಗೆ ಬೀಳುವುದು. ಅದು ಮೊದಲು ಹೋಗುವುದು ಶ್ವಾಸಕೋಶಕ್ಕೆ. ಸಮನ್ವಿತಾಳ ಶ್ವಾಸಕೋಶದಲ್ಲಿ ಇನ್ನೂ ಏನೂ ಕಾಣುತ್ತಿಲ್ಲ. ಹೀಗಿರುವಾಗ ಹಿಡಿದರೆ ಹತ್ತು ಮಕ್ಕಳಲ್ಲಿ ಆರೇಳು ಮಕ್ಕಳು ಉಳಿಯುತ್ತಾರೆ. ಕರೆಂಟ್ ಕೊಡುವುದಕ್ಕೆ, ಅಂದರೆ ರೇಡಿಯೇಶನಿಗೆ, ಈ ಜಾತಿಯ ಗಡ್ಡೆ ಸರಿಯಾಗಿ ಬಗ್ಗುವುದಿಲ್ಲ. ಹತ್ತು ವಾರ ಕಿಮೋ, ಆಮೇಲೆ ಆಪರೇಶನ್, ಆಮೇಲೆ ಪುನಃ ಕಿಮೋ.

ಎಲ್ಲರೂ ಎದ್ದಾಗ ಸೀತಕ್ಕ ಏಳಲಿಲ್ಲ.

"ಡಾಕ್ಟ್ರೆ, ತಿಕ್ಕಿದ್ದು ನಾನು. ಇಪ್ಪತ್ತೇಳು ದಿನ."

ಡಾಕ್ಟರು ಅವಳ ಕೈಯನ್ನು ನೋಡಿದರು. "ತಿಕ್ಕಿದ್ದರಿಂದ ಬಂದದ್ದಲ್ಲ ಅಜ್ಜಿ. ಆದ್ರೆ ತಿಕ್ಕಬಾರದಿತ್ತು. ಗಡ್ಡೆ ಕದಡ್ತದೆ. ಮತ್ತೆ, ಒಂದು ತಿಂಗಳು ಹೋಯ್ತು."

ಅವರು ಅದಕ್ಕೆ ಸಕ್ಕರೆ ಬೆರೆಸಲಿಲ್ಲ. ಬೆರೆಸಿದ್ದರೆ ಸೀತಕ್ಕ ಅವರನ್ನು ನಂಬುತ್ತಿರಲಿಲ್ಲ.

ಹೇಸಿಗೆ ಶುರುವಾದದ್ದು ಆ ದಿನ, ಮೊದಲು ತನ್ನ ಕೈಯ ಮೇಲೆಯೇ. ಊಟಕ್ಕೆ ಕೂತರೆ ಬೆರಳಿನಲ್ಲಿ ಎಣ್ಣೆಯ ಕಮಟು ವಾಸನೆ ಬಂದ ಹಾಗಾಗಿ ತುತ್ತು ಇಳಿಯುತ್ತಿರಲಿಲ್ಲ. ಸೋಪು ಹಾಕಿ ತೊಳೆದಳು, ಸೀಗೆಪುಡಿ ಹಾಕಿ ತೊಳೆದಳು. ಮನೆಯಲ್ಲಿದ್ದ ಎಣ್ಣೆಯ ಭರಣಿಯನ್ನು ತೆಂಗಿನ ಬುಡಕ್ಕೆ ಕವುಚಿದಳು. ಕುಂಟುತ್ತಾ ಬಂದ ಮರ್ಕಂಜದವನೊಬ್ಬನನ್ನು ಜಗಲಿ ಹತ್ತಲು ಬಿಡಲಿಲ್ಲ. ಸುಳ್ಯದಲ್ಲಿ ಎಕ್ಸ್‌ರೇ ತೆಗೀತಾರೆ, ಅಲ್ಲಿಗೆ ಹೋಗು ಅಂದಳು. ಆಮೇಲೆ ಬೀಗ ಹಾಕಿ ಕಡಬಕ್ಕೆ ಹೋಗಿ ಮಗಳ ಮನೆಯಲ್ಲಿ ನಿಂತಳು.

ಕಿಮೋ ಅಂದರೆ ಏನು ಎಂದು ಆ ಹತ್ತು ವಾರದಲ್ಲಿ ತಿಳಿಯಿತು. ಮಗುವಿನ ಎದೆಯ ಬಳಿ ಚರ್ಮದ ಕೆಳಗೆ ಒಂದು ಗುಂಡಿಯಂಥದ್ದನ್ನು ಕೂರಿಸಿ ಅದರ ಮೂಲಕ ಕೆಂಪು ಮದ್ದು ಬಿಡುತ್ತಿದ್ದರು. ಮೂತ್ರವೂ ಕೆಂಪಾಗುತ್ತಿತ್ತು. ಬಾಯಿಯೊಳಗೆ ಹುಣ್ಣೆದ್ದು ಎಂಜಲು ನಾರುತ್ತಿತ್ತು. ಕೂದಲು ಮುಷ್ಟಿ ಮುಷ್ಟಿ ದಿಂಬಿಗೆ ಅಂಟಿ ಬಂತು. ವಾಂತಿಯ ಬೋಗುಣಿ ತೊಳೆಯುವುದು ಸೀತಕ್ಕನ ಕೆಲಸ. ಅದನ್ನು ತೊಳೆಯುವಾಗ ಅವಳಿಗೆ ಹೇಸಿಗೆ ಬರಲಿಲ್ಲ. ಬಂದದ್ದು ನೋಡಲು ಬಂದವರ ಮೇಲೆ. ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬಂದು, ಚಪ್ಪಲಿಯಲ್ಲೇ ಮಂಚದವರೆಗೆ ನಡೆದು, ಹೊದಿಕೆ ಎತ್ತಿ ಗಡ್ಡೆ ತೋರಿಸು ಅನ್ನುವರು. ನೋಡಿದ ಮೇಲೆ ನಾಲಗೆಯಲ್ಲಿ ಲೊಚ್ಚ್ ಅಂತ ಸದ್ದು ಮಾಡುವರು. ತಂದ ಹಣ್ಣನ್ನು ತಾವೇ ಸುಲಿದು ತಿನ್ನುತ್ತಾ, ಹೀಗೇ ಆಗಿ ಸತ್ತವರ ಸುದ್ದಿಯನ್ನು ಮಗುವಿನ ಎದುರಿನಲ್ಲೇ ಹೇಳುವರು. ಮೂರನೆಯ ವಾರ ಸೀತಕ್ಕ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತಳು. ಮಗುವಿಗೆ ರಕ್ತ ಕಡಿಮೆ ಉಂಟು, ನಿಮ್ಮ ಶೀತ ಅವಳಿಗೆ ತಾಗಿದರೆ ಜ್ವರ ಬರುತ್ತದೆ, ಇಲ್ಲಿಂದಲೇ ಮಾತಾಡಿ ಹೋಗಿ ಅನ್ನುತ್ತಿದ್ದಳು.

ಮನೋರಮಾ ಎಲ್ಲಿಂದಲೋ ಸೊಪ್ಪಿನ ಲೇಪ ತರಿಸಿದಳು. ಹಳೆಯ ಮಡಕೆಯಲ್ಲಿ ಕೊಳೆಸಿದ್ದು, ಮುಚ್ಚಳ ತೆಗೆದರೆ ಸತ್ತ ಹೆಗ್ಗಣದ ನಾತ. ಹಚ್ಚಿದರೆ ಗಡ್ಡೆ ಕರಗಿ ನೀರಾಗಿ ಹೋಗುತ್ತದೆ ಎಂದು ಕೊಟ್ಟವನು ಹೇಳಿದ್ದನಂತೆ. ಸೀತಕ್ಕ ಆ ಮಡಕೆಯನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದು ಬಂದಳು.

"ನೀವು ಒಂದು ತಿಂಗಳು ತಿಕ್ಕಬಹುದು, ನಾನು ಒಂದು ದಿನ ಹಚ್ಚಬಾರದಾ ಸೀತಕ್ಕ?" ಮನೋರಮಾ ಕೇಳಿದಳು.

ಮನೋರಮಾ ಕೆಟ್ಟವಳಲ್ಲ. ಮೊಮ್ಮಗಳ ಕೂದಲು ಉದುರಿದ ದಿನ ತನ್ನ ಜಡೆಯನ್ನೂ ಕತ್ತರಿಸಿಕೊಂಡವಳು. ತಾನು ಮಾಡಿದ್ದನ್ನೇ ಇವಳೂ ಮಾಡಲು ಹೊರಟಿದ್ದಾಳೆ ಎಂದು ತಿಳಿದಾಗ ಸೀತಕ್ಕನಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಯಿತು.

ಎಂಟನೆಯ ವಾರ ಡಾಕ್ಟರು ಎಲ್ಲರನ್ನೂ ಕೂರಿಸಿ ಆಪರೇಶನಿನ ಮಾತು ತೆಗೆದರು. ಗಡ್ಡೆ ಇರುವುದು ತೊಡೆಯ ಎಲುಬಿನ ಕೆಳತುದಿಯಲ್ಲಿ, ಮೊಣಗಂಟಿಗೆ ತಾಗಿ. ಗಡ್ಡೆಯನ್ನಷ್ಟೇ ಕೆರೆದು ತೆಗೆದರೆ ಆಗುವುದಿಲ್ಲ. ಸುತ್ತ ಒಳ್ಳೆಯ ಮಾಂಸ, ಒಳ್ಳೆಯ ಎಲುಬು ಸ್ವಲ್ಪ ಸ್ವಲ್ಪ ಸೇರಿಸಿಯೇ ತೆಗೆಯಬೇಕು. ಮೊಣಗಂಟು ಉಳಿಯುವುದಿಲ್ಲ. ಹಾಗಾದರೆ ಮೂರು ದಾರಿ. ಒಂದು, ತೊಡೆಯಲ್ಲೇ ಕತ್ತರಿಸಿ ಕೃತಕ ಕಾಲು ಕಟ್ಟುವುದು. ಎರಡು, ತೆಗೆದ ಜಾಗಕ್ಕೆ ಲೋಹದ ಗಂಟು ಕೂರಿಸುವುದು. ಹೊರಗಿನಿಂದ ನೋಡಲು ಕಾಲು ಕಾಲಿನ ಹಾಗೆಯೇ ಇರುತ್ತದೆ. ಆದರೆ ಈ ಮಗು ಇನ್ನೂ ಒಂದಡಿ ಬೆಳೆಯಬೇಕು, ಲೋಹ ಬೆಳೆಯುವುದಿಲ್ಲ. ಉದ್ದ ಮಾಡಲು ಮತ್ತೆ ಮತ್ತೆ ಆಪರೇಶನ್. ಒಳಗೆ ಕೀವಾದರೆ ಇನ್ನೊಂದು. ಹಾರುವುದು, ಓಡುವುದು ಬಿಡಬೇಕು.

ಮೂರನೆಯ ದಾರಿಯನ್ನು ಹೇಳುವ ಮೊದಲು ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಗಡ್ಡೆ ಇರುವ ನಡುಭಾಗವನ್ನು ಪೂರ್ತಿ ತೆಗೆಯುವುದು. ಕೆಳಗಿನ ಕಾಲು, ಪಾದ ಚೆನ್ನಾಗಿದೆ, ನರಕ್ಕೆ ಗಡ್ಡೆ ತಾಗಿಲ್ಲ, ಅದನ್ನು ಕೊಯ್ಯದೆ ಉಳಿಸಿದರೆ ಪಾದಕ್ಕೆ ಮುಟ್ಟಿದ್ದು ತಿಳಿಯುತ್ತದೆ. ಆ ಕಾಲನ್ನು ಹಿಂದುಮುಂದು ತಿರುಗಿಸಿ ಮೇಲಕ್ಕೆ ತಂದು ತೊಡೆಗೆ ಜೋಡಿಸುವುದು. ಆಗ ಪಾದದ ಗಂಟು ಮೊಣಗಂಟಿನ ಜಾಗಕ್ಕೆ ಬರುತ್ತದೆ. ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಆ ಪಾದವನ್ನು ಕೃತಕ ಕಾಲಿನೊಳಗೆ ಇಳಿಸಿದರೆ ಅದೇ ಮೊಣಗಂಟಿನ ಕೆಲಸ ಮಾಡುತ್ತದೆ. ಮಗುವಿನ ಜೊತೆ ಬೆಳೆಯುತ್ತದೆ.

ಅವರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ತೃಪ್ತಿ ಬಾಯಿಗೆ ಸೆರಗು ಒತ್ತಿ ಹೊರಗೆ ಓಡಿದಳು. ಶೈಲೇಶ ನೆಲ ನೋಡಿದ. ಸೀತಕ್ಕ ನೋಡಿದಳು. ತೊಡೆ ಮುಗಿಯುವಲ್ಲಿ, ಮೊಣಗಂಟಿನ ಚಿಪ್ಪು ಇರಬೇಕಾದ ಕಡೆ, ಒಂದು ಹಿಮ್ಮಡಿ. ಅದರ ಹಿಂದೆ ಐದು ಬೆರಳು. ಕಾಲು ಎಂದು ನಲುವತ್ತು ವರ್ಷ ಕೈಯಲ್ಲಿ ಹಿಡಿದದ್ದನ್ನೆಲ್ಲ ಯಾರೋ ಗೇಲಿ ಮಾಡಿದ ಹಾಗಿತ್ತು.

"ಹಿಂದಕ್ಕೆ ಕಾಲು ಇರುದು ಕುಲೆಗೆ," ಮನೋರಮಾ ಮೆಲ್ಲಗೆ ಅಂದಳು. "ಸತ್ತವರು ನಡೆಯುವ ಕಾಲು ಅದು. ಮನೆಯ ಮಗುವಿಗೆ ಅದನ್ನು ಮಾಡಿಸುದಾ?"

ಕುಲೆ ಎಂದರೆ ಪ್ರೇತ. ಅದರ ಪಾದ ತಿರುಗಿರುತ್ತದೆ ಎಂದು ಅಲ್ಲಿ ಕುಳಿತ ಎಲ್ಲರೂ ಎಳವೆಯಿಂದ ಕೇಳಿದವರೇ. ಡಾಕ್ಟರಿಗೂ ಅದು ಗೊತ್ತಿತ್ತೋ ಏನೋ, ಅವರು ವಾದ ಮಾಡಲಿಲ್ಲ.

ಗಾಲಿಕುರ್ಚಿಯಲ್ಲಿದ್ದ ಸಮನ್ವಿತಾಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳೇ ಕೇಳಿದಳು: "ಡಾಕ್ಟ್ರೆ, ಕಬ್ಬಿಣ ಹಾಕಿದ್ರೆ ಎಷ್ಟು ಸಲ ಕೊಯ್ಯುದು?"

"ನಾಲ್ಕೈದು ಸಲ. ಜಾಸ್ತಿಯೂ ಆಗಬಹುದು."

"ತಿರುಗಿಸಿದ್ರೆ?"

"ಎಲ್ಲ ಸರಿ ಹೋದ್ರೆ ಒಂದೇ ಸಲ."

"ಹಾಗಾದ್ರೆ ತಿರುಗಿಸಿ," ಅಂದಳು, ತಲೆಯ ಟೊಪ್ಪಿ ಸರಿ ಮಾಡಿಕೊಂಡು.

ಹತ್ತು ದಿನದೊಳಗೆ ಹೇಳಬೇಕಿತ್ತು. ಕಡಬದ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಆ ದಿನಗಳು ಹೋದವು. ತೃಪ್ತಿಗೆ ಲೋಹವೇ ಆಗಬೇಕು, ಹೊರಗಿನಿಂದ ಕಾಲು ಕಂಡರೆ ಸಾಕು. ಮನೋರಮಾಗೆ ಕತ್ತರಿಸಿದರೂ ಆದೀತು, ತಿರುಗಿಸುವುದು ಬೇಡ. ಮುಂದೆ ಇವಳನ್ನು ಯಾರು ಮದುವೆಯಾಗುವುದು ಎಂದು ಯಾರೋ ನೆಂಟರು ಫೋನಿನಲ್ಲಿ ಕೇಳಿದರು. ಕಾಲು ವಾಸಿಯಾಗುವ ಮೊದಲೇ ಮದುವೆಯ ಮಾತಾಡುವ ಆ ನಾಲಗೆಯನ್ನು ನೆನೆದರೆ ಸೀತಕ್ಕನಿಗೆ ಮೈ ಉರಿಯುತ್ತಿತ್ತು. ಕೊನೆಗೆ ಶೈಲೇಶ ಅವಳ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತ. ಟಯರು ಬಿಚ್ಚಿ ಬಿಚ್ಚಿ ಕಪ್ಪಾದ ಉಗುರನ್ನು ನೋಡಿಕೊಳ್ಳುತ್ತಾ, "ಅತ್ತೆ, ನನಗೆ ಇದೆಲ್ಲ ಅರ್ಥ ಆಗುದಿಲ್ಲ. ಕಾಲಿನ ವಿಷಯ ನಿಮಗೆ ಗೊತ್ತು. ನೀವು ಹೇಳಿದ ಹಾಗೆ," ಅಂದ.

ಇಷ್ಟೆಲ್ಲ ಆದ ಮೇಲೂ ನಿಮಗೆ ಗೊತ್ತು ಅನ್ನುತ್ತಾನಲ್ಲ ಎಂದು ಅವಳಿಗೆ ಅಳು ಬಂತು. ಆದರೆ ಒಂದು ಮಾತು ನಿಜ. ಚಿತ್ರ ನೋಡಿ ಹೇಳುವವಳಲ್ಲ ಅವಳು. ಮುಟ್ಟದೆ ಅವಳಿಗೆ ಯಾವ ಕಾಲೂ ತಿಳಿಯುತ್ತಿರಲಿಲ್ಲ. ಮಾರನೆಯ ದಿನ ಡಾಕ್ಟರಿಗೆ ಫೋನ್ ಮಾಡಿಸಿ, ಹಾಗೆ ತಿರುಗಿಸಿದ ಕಾಲು ಇರುವವರನ್ನು ತನಗೆ ತೋರಿಸಬೇಕು ಎಂದು ಕೇಳಿದಳು.

ಹೀಗೆ ಬಂದವನು ದಿಶಾಂತ್. ಸಂಪಾಜೆಯ ಹುಡುಗ, ಹತ್ತೊಂಬತ್ತು ವರ್ಷ. ಹತ್ತನೆಯ ವರ್ಷದಲ್ಲಿ ಬೆಂಗಳೂರಿನಲ್ಲಿ ಕಾಲು ತಿರುಗಿಸಿಕೊಂಡವನು. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನಿಗೆ ಮಂಗಳೂರಿಗೆ ಬರುತ್ತಾನೆ. ಸ್ವಲ್ಪ ವಾಲಿ ನಡೆಯುವುದು ಬಿಟ್ಟರೆ ಪ್ಯಾಂಟಿನ ಮೇಲಿನಿಂದ ಏನೂ ತಿಳಿಯುತ್ತಿರಲಿಲ್ಲ. ತಪಾಸಣೆಯ ಕೋಣೆಯಲ್ಲಿ ಪರದೆ ಎಳೆದು, ಚಡ್ಡಿಯಲ್ಲಿ ಮಂಚದ ಮೇಲೆ ಕುಳಿತು, ಕೃತಕ ಕಾಲಿನ ಪಟ್ಟಿ ಬಿಚ್ಚಿ ಎಳೆದ. ಪಾದ ಹೊರಗೆ ಬಂತು. ಅದರ ಜೊತೆಗೆ ಇಡೀ ದಿನ ಬೆವರಿದ ಚರ್ಮದ ಹುಳಿ ನಾತವೂ ಬಂತು. ಪಾದ ಬಿಳುಚಿಕೊಂಡು, ಒತ್ತಿದಲ್ಲಿ ಗೆರೆ ಬಿದ್ದು, ನೆಲವನ್ನೇ ಕಾಣದ ಹಿಮ್ಮಡಿ ಮಗುವಿನದ್ದರ ಹಾಗೆ ಮೆತ್ತಗಿತ್ತು. ಸೀತಕ್ಕ ಮುಖ ಕಿವುಚಿದಳು.

"ಅಜ್ಜಿ, ಮುಖ ಹಾಗೆ ಮಾಡಿದ್ರೂ ಪರವಾಗಿಲ್ಲ," ದಿಶಾಂತ್ ಅಂದ. "ನನ್ನ ಅಮ್ಮ ಒಂದು ವರ್ಷ ಹಾಗೇ ಮಾಡಿದ್ದಾರೆ."

"ವಾಸನೆ ಉಂಟು ಮಾರಾಯ."

"ಇರ್ತದೆ. ನಿಮ್ಮ ಕಾಲನ್ನು ಬೆಳಗ್ಗಿಂದ ಸಂಜೆಯವರೆಗೆ ಡಬ್ಬಿಯಲ್ಲಿ ಹಾಕಿಡಿ, ನೋಡುವ."

ಅವಳು ಕೈ ಚಾಚಿದಳು. ಕೈ ಹೋಗಲಿಲ್ಲ. ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಉಸಿರು ಬಿಗಿಹಿಡಿದು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಳು. ಬೆಚ್ಚಗಿತ್ತು. ಹೆಬ್ಬೆರಳನ್ನು ಮೇಲಕ್ಕೆ ಸರಿಸಿದಳು. ಹಿಂದೆ ಇರಬೇಕಾದ ಮೀನಖಂಡ ಮುಂದೆ ಇತ್ತು, ಬಿಗಿಯಾಗಿ, ಕೆಲಸ ಮಾಡುವವರ ಕಾಲಿನಲ್ಲಿ ಇರುವಂತೆ. ಮಡಚು ಅಂದಳು. ಬೆರಳುಗಳು ಹಿಂದಕ್ಕೆ ಮೇಲೆ ಹೋದವು. ನೀಡು ಅಂದಳು. ಅವಳು ಎದುರು ಒತ್ತಿ ಹಿಡಿದರೂ ಆ ಪಾದ ಅವಳ ಕೈಯನ್ನು ದೂಡಿಕೊಂಡು ಕೆಳಕ್ಕೆ ಬಂತು. ಗಂಟಿನಲ್ಲಿ ತಡೆ ಇಲ್ಲ, ಕಟಕಟ ಇಲ್ಲ. ಒಂದೊಂದೇ ಬೆರಳನ್ನು ಹಿಡಿದು ಎಳೆದು ನೋಡಿದಳು. ಅಸಹ್ಯ ಹೋಗಲಿಲ್ಲ. ಆದರೆ ಅವಳ ಬೆರಳು ತನ್ನ ಕೆಲಸ ಮಾಡುತ್ತಿತ್ತು.

ನೋವುಂಟಾ, ಓಡಲಿಕ್ಕೆ ಆಗ್ತದಾ ಎಂದು ಕೇಳಿದಳು. ನೋವಿಲ್ಲ, ಬಸ್ ಹಿಡಿಯಲು ಓಡುತ್ತೇನೆ, ಸುಮ್ಮನೆ ಯಾರು ಓಡುತ್ತಾರೆ ಅಂದ ಅವನು. ಇಳಿಜಾರಿನಲ್ಲಿ ಕಷ್ಟ, ಚರ್ಮ ಒಮ್ಮೊಮ್ಮೆ ಉಜ್ಜಿ ಹುಣ್ಣಾಗುತ್ತದೆ, ಕೃತಕ ಕಾಲನ್ನು ಬೆಳೆದ ಹಾಗೆ ಬದಲಿಸಬೇಕು. ಹೊಳೆಗೆ ಇಳಿದರೆ ಎಲ್ಲರೂ ನೋಡುತ್ತಾರೆ. ಮೊದಲು ಅಳು ಬರುತ್ತಿತ್ತು.

"ಈಗ?"

"ಈಗ ನಾನೂ ಅವರನ್ನೇ ನೋಡ್ತೇನೆ. ಅವರೇ ಆಚೆ ತಿರುಗ್ತಾರೆ."

ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಮಗಳು ಮತ್ತು ಅಳಿಯನ ಹತ್ತಿರ ಬಂದು ಸೀತಕ್ಕ, ತಿರುಗಿಸುವುದೇ ಆಗಲಿ ಅಂದಳು. ಅದು ಗಟ್ಟಿ ಕಾಲು. ಲೋಹಕ್ಕೆ ನೋವು ತಿಳಿಯುವುದಿಲ್ಲ, ನೆಲವೂ ತಿಳಿಯುವುದಿಲ್ಲ. ಇದಕ್ಕೆ ತಿಳಿಯುತ್ತದೆ.

ತೃಪ್ತಿ ಕೇಳಿದಳು: "ಅಮ್ಮ, ನಿನಗೆ ಹೇಸಿಗೆ ಆಗ್ಲಿಲ್ವಾ?"

"ಆಯ್ತು. ಈಗಲೂ ಆಗ್ತಾ ಉಂಟು. ಆ ಹೇಸಿಗೆ ನನ್ನದು ಮಗಾ, ಕಾಲು ಅವಳದ್ದಲ್ವಾ?"

ಶೈಲೇಶ ಒಳಗೆ ಹೋಗಿ ಸಹಿ ಹಾಕಿದ. ಮನೋರಮಾ ಆ ದಿನ ಸೀತಕ್ಕನ ಜೊತೆ ಮಾತಾಡಲಿಲ್ಲ.

ಆಪರೇಶನ್ ಹನ್ನೊಂದು ಗಂಟೆ ನಡೆಯಿತು. ತೆಗೆದ ಗಡ್ಡೆಯ ಅಂಚಿನಲ್ಲೆಲ್ಲೂ ಕೆಟ್ಟ ಕಣ ಉಳಿದಿಲ್ಲ, ಮೊದಲು ಕೊಟ್ಟ ಮದ್ದಿಗೆ ಗಡ್ಡೆಯ ಹೆಚ್ಚಿನ ಭಾಗ ಸತ್ತಿತ್ತು ಎಂದು ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೆ ಅದು ತಿಳಿಯಲು ಇನ್ನೂ ಎರಡು ವಾರ ಇತ್ತು. ಅದಕ್ಕೆ ಮೊದಲು ಐದನೆಯ ದಿನ ಪಟ್ಟಿ ಬಿಚ್ಚಿದರು.

ತೃಪ್ತಿಗೆ ಒಳಗೆ ನಿಲ್ಲಲು ಆಗಲಿಲ್ಲ. ಮನೋರಮಾ ಒಳಗೇ ನಿಂತಳು, ಗೋಡೆಗೆ ಮುಖ ಮಾಡಿ, ಮೊಮ್ಮಗಳ ಕೈ ಹಿಡಿದುಕೊಂಡು. ನರ್ಸ್ ಸುತ್ತು ಸುತ್ತಾಗಿ ಬಟ್ಟೆ ತೆಗೆದಳು. ಒಳಗಿನ ಪದರ ರಕ್ತ ಒಣಗಿ ಅಂಟಿತ್ತು, ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಸೀತಕ್ಕ ದಿಶಾಂತನ ಕಾಲು ನೋಡಿ ಸಿದ್ಧಳಾಗಿದ್ದೇನೆ ಅಂದುಕೊಂಡಿದ್ದಳು. ಸಿದ್ಧಳಾಗಿರಲಿಲ್ಲ. ಅದು ಒಂಬತ್ತು ವರ್ಷ ಹಳೆಯ ಕಾಲು. ಇದು ಬಾತು, ನೀಲಿಯಾಗಿ, ಸುತ್ತ ಕಪ್ಪು ಹೊಲಿಗೆ ಹಾಕಿದ ಮಾಂಸ. ಹಿಮ್ಮಡಿ ಮೇಲೆ ಸೂರಿನ ಕಡೆ ನೋಡುತ್ತಿತ್ತು. ಆ ಪುಟ್ಟ ಪಾದವನ್ನು ಹುಟ್ಟಿದ ದಿನದಿಂದ ಎಷ್ಟು ಸಲ ತೊಳೆದಿದ್ದಾಳೆ, ಆದರೂ ಗುರುತು ಹತ್ತಲಿಲ್ಲ. ರಕ್ತದ, ಮದ್ದಿನ, ಐದು ದಿನ ಮುಚ್ಚಿಟ್ಟ ಬೆವರಿನ ನಾತ ಒಟ್ಟಿಗೆ ಮುಖಕ್ಕೆ ಬಡಿಯಿತು.

ಸೊಂಟದ ಬಳಿ ದಿಂಬು ಅಡ್ಡ ಇಟ್ಟಿದ್ದರಿಂದ ಸಮನ್ವಿತಾಳಿಗೆ ಕಾಲು ಕಾಣುತ್ತಿರಲಿಲ್ಲ. ಅಜ್ಜಿಯ ಮುಖ ಮಾತ್ರ ಕಾಣುತ್ತಿತ್ತು.

"ಹೇಗುಂಟು ಅಜ್ಜಿ?"

"ಚಂದ ಇಲ್ಲ."

"ಎಷ್ಟು ಚಂದ ಇಲ್ಲ?"

"ತುಂಬಾ."

ಮಗು ಸ್ವಲ್ಪ ಯೋಚಿಸಿ, ಸರಿ ಅಂದಿತು. ಗೋಡೆಯ ಕಡೆಯಿಂದ ಮನೋರಮಾ ಮೂಗು ಎಳೆದುಕೊಂಡಳು.

ಬೆರಳಿನ ಸಂದುಗಳನ್ನು ಒದ್ದೆ ಹತ್ತಿಯಲ್ಲಿ ಒರೆಸಿ ಎಂದು ನರ್ಸ್ ಹತ್ತಿಯ ಉಂಡೆ ಕೊಟ್ಟಳು. ಸೀತಕ್ಕ ಹೆಬ್ಬೆರಳಿನಿಂದ ಶುರುಮಾಡಿ ಮೂರು ಸಂದು ಒರೆಸಿದಳು. ಹತ್ತಿಗೆ ಕಂದು ಬಣ್ಣದ ಕೊಳೆ ಹತ್ತಿಕೊಂಡು ಬಂತು. ಅಷ್ಟರಲ್ಲಿ ಇನ್ನು ತಡೆಯಲಾರದೆ, ಹತ್ತಿಯನ್ನು ಟ್ರೇಗೆ ಹಾಕಿ, ಪರದೆಯಾಚೆ ಬೇಸಿನಿಗೆ ಬಾಗಿ ಬೆಳಗ್ಗೆ ಕುಡಿದ ಗಂಜಿಯನ್ನೆಲ್ಲ ಕಕ್ಕಿದಳು. ಬಾಯಿ ಮುಕ್ಕಳಿಸಿ, ಕೈ ತೊಳೆದು, ಸೆರಗಿನಲ್ಲಿ ಮುಖ ಒರೆಸಿ ಹಿಂದೆ ಬರುವಾಗ ನರ್ಸ್ ಹೊಸ ಪಟ್ಟಿಯ ಸುರುಳಿ ಬಿಚ್ಚುತ್ತಿದ್ದಳು.

"ಅಕ್ಕ, ಈಗಲೇ ಕಟ್ಟಬೇಡಿ," ದಿಂಬಿನ ಆಚೆಯಿಂದ ಸಮನ್ವಿತಾ ಅಂದಳು. "ಅಜ್ಜಿ, ಕಿರುಬೆರಳು ಬಿಟ್ಟಿದ್ದಿ ನೀನು. ಅಲ್ಲಿ ತಣ್ಣಗಾಗ್ಲೇ ಇಲ್ಲ."

ಸೀತಕ್ಕ ನೋಡಿದಳು. ಹೌದು, ಬಿಟ್ಟಿದ್ದಳು. ಇನ್ನೊಂದು ಹತ್ತಿ ಒದ್ದೆ ಮಾಡಿಕೊಂಡು ಕಾಲಿನ ಬಳಿ ಬಾಗಿದಳು.